ಮಗ್ಗದ ಕುಣಿ, ನನ್ನ ಉಲ್ಲನ್ ಚೀಲ

ರಾಮದುರ್ಗದಲ್ಲಿ ಹೊಳೆ ಏರುವುದಕ್ಕೆ ರಾಮದುರ್ಗದಲ್ಲೇ ಮಳೆಯಾಗಬೇಕೆಂಬ ನಿಯಮವಿಲ್ಲ. ನಮ್ಮೂರ ಹೊಳೆ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಘಟ್ಟದ ಜಡಿಮಳೆಯ ಸೀಮೆಯಲ್ಲಿ. ಅಲ್ಲಿಯ ನೀರು ಸವದತ್ತಿ ತಾಲ್ಲೂಕಿನ ಮುನವಳ್ಳಿ ಹತ್ತಿರ, ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಣೆಕಟ್ಟು ತಡೆಯಲಾರದ್ದು ನಮ್ಮ ಪಾಲಿಗೆ. ಹಾಗಾಗಿ ನಮ್ಮೂರಿನವರು ಮಳೆಗಾಲದಲ್ಲಿ ಆಕಾಶ ನೋಡುವುದು ಕಡಿಮೆ. ಮೊಬೈಲಿನಲ್ಲಿ ಒಳಹರಿವು, ಹೊರಹರಿವಿನ ಅಂಕಿ ನೋಡುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ನವಿಲುತೀರ್ಥ ಹಿಡಿಯುವುದು ಸುಮಾರು 37 ಟಿಎಂಸಿ. ಈ ಲೆಕ್ಕವನ್ನು ನಾನು ಯಾರಿಗೂ ಕಲಿಸಬೇಕಾಗಿ ಬಂದಿಲ್ಲ. ಭಿನ್ನರಾಶಿಯಲ್ಲಿ ತಡವರಿಸುವ ಹುಡುಗನೂ ಹೊರಹರಿವು ಕೇಳಿದೊಡನೆ ನೀರು ಯಾವ ಓಣಿಯವರೆಗೆ ಬರುತ್ತದೆಂದು ಹೇಳುತ್ತಾನೆ.

2019ರ ಜುಲೈ ಮುಗಿಯುವವರೆಗೂ ನಮ್ಮಲ್ಲಿ ನಡೆದದ್ದು ಬರದ ಮಾತೇ. ಆಗಸ್ಟ್ 5ಕ್ಕೆ ನಾಗರ ಪಂಚಮಿ. ಪಂಚಮಿ ಎಂದರೆ ಈ ಕಡೆ ಉಂಡಿಯ ಹಬ್ಬ: ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ, ಜೊತೆಗೆ ಅಳ್ಳು, ಜೋಕಾಲಿ. ಅತ್ತೆಯವರು ಸ್ಟೀಲ್ ಡಬ್ಬಿಗಳನ್ನು ತುಂಬಿ ಮುಚ್ಚಳ ಬಿಗಿಯುವ ಹೊತ್ತಿಗೆ ಘಟ್ಟದಲ್ಲಿ ಮಳೆ ಹಿಡಿದುಬಿಟ್ಟಿತ್ತು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಕೂಡಿಯೇ ಉಕ್ಕಿದ ವಾರ ಅದು. ಗೋಕಾಕದ ಲೋಳಸೂರ ಸೇತುವೆ ಮುಳುಗಿತು, ನಿಪ್ಪಾಣಿ ಹತ್ತಿರ ಪುಣೆ ಹೆದ್ದಾರಿ ಬಂದಾಯಿತು, ನಮ್ಮ ಕೆಳಗೆ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೆ ಹೊಳೆ ನುಗ್ಗಿತು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆಗ ನಮಗೆ ಕಾಣುತ್ತಿದ್ದದ್ದು ನಮ್ಮ ಓಣಿ, ಓಣಿಯ ತುದಿಯಲ್ಲಿ ಇರಬಾರದ ಕಡೆ ಹೊಳೆಯುತ್ತಿದ್ದ ನೀರು, ಮೈಕು ಕಟ್ಟಿಕೊಂಡು ತಿರುಗುತ್ತಿದ್ದ ಆಟೋ.

ಮನೆ ಬಿಡುವಾಗ ಜನ ಏನು ಎತ್ತಿಕೊಳ್ಳುತ್ತಾರೆ ಎಂಬುದರ ಬಗ್ಗೆ ಬಹಳ ಭಾವುಕವಾಗಿ ಬರೆಯುತ್ತಾರೆ. ನಾವು ಎತ್ತಿಕೊಂಡದ್ದು ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್, ಅತ್ತೆಯವರ ಬಿ.ಪಿ. ಮಾತ್ರೆ, ಉಂಡಿಯ ಡಬ್ಬಿ ಮತ್ತು ಕಂಬಳಿ. ನನ್ನ ಹೆಗಲ ಚೀಲದಲ್ಲಿ ಅರ್ಧ ಹೆಣೆದ ಒಂದು ಸ್ವೆಟರ್, ಕಡ್ಡಿಗಳು, ಎರಡು ಮೂರು ಲಡಿ ಉಲ್ಲನ್ ಇದ್ದವು. ಅವನ್ನು ನಾನು ಆರಿಸಿ ತಂದದ್ದಲ್ಲ. ಆ ಚೀಲ ಶಾಲೆಗೆ ಹೋಗುವಾಗಲೂ, ಬಸ್ಸಿನಲ್ಲೂ, ಮದುವೆಯ ಮಂಟಪದಲ್ಲೂ ನನ್ನ ಹೆಗಲಲ್ಲೇ ಇರುತ್ತದೆ. ಉಳಿದ ಉಲ್ಲನ್ನೆಲ್ಲ ಟ್ರಂಕಿನಲ್ಲಿ, ಮಂಚದ ಕೆಳಗೆ ಉಳಿಯಿತು.

ಬಿಸಿಲಿನ ಊರಿನಲ್ಲಿ ಉಲ್ಲನ್ನಿನ ಹುಚ್ಚು ಹಿಡಿಸಿಕೊಂಡದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನಾನು ಬೆಳೆದದ್ದು ಬೆಳಗಾವಿಯಲ್ಲಿ. ಅಲ್ಲಿ ಚಳಿಗೆ ಒಂದು ಮರ್ಯಾದೆ ಇದೆ. ಚಳಿಗಾಲಕ್ಕೆ ಟಿಬೆಟನ್ನರು ಸ್ವೆಟರ್ ಅಂಗಡಿ ಹಾಕುತ್ತಾರೆ, ಜನ ನಿಜವಾಗಿಯೂ ಕೊಳ್ಳುತ್ತಾರೆ. ಪಕ್ಕದ ಮನೆಯ ಮರಾಠಿ ಅಜ್ಜಿ ಸುಲಟ, ಉಲಟ, ಅಂದರೆ ನೇರ ಕೊಂಡಿ, ತಿರುಗು ಕೊಂಡಿ ಎಂದು ಎಣಿಸುತ್ತಾ ನನಗೆ ಹೆಣಿಗೆ ಕಲಿಸಿದರು, ಅವೆರಡರಿಂದಲೇ ಪ್ರಪಂಚದ ಎಲ್ಲ ಸ್ವೆಟರೂ ಆಗುತ್ತದೆ ಎಂದರು. ಅದು ಹೆಚ್ಚುಕಡಿಮೆ ನಿಜ. ರಾಮದುರ್ಗಕ್ಕೆ ಸೊಸೆಯಾಗಿ ಬಂದ ಮೇಲೂ ಬಿಡಲಿಲ್ಲ. ಎರಡು ತಿಂಗಳ ಚಳಿಗೆ ಹನ್ನೆರಡು ತಿಂಗಳ ಹೆಣಿಗೆ ಎಂದು ನಮ್ಮವರು ನಗುತ್ತಾರೆ. ನಗಲಿ. ಅವರು ಕ್ರಿಕೆಟ್ ನೋಡುತ್ತಾರೆ, ಅದರಿಂದ ಇವತ್ತಿನವರೆಗೆ ಒಂದು ಕಾಲುಚೀಲವೂ ಹುಟ್ಟಿಲ್ಲ.

ನಮ್ಮದು ನೇಕಾರರ ಊರು. ಪಕ್ಕದ ಮನೆಯ ಕಾಕು, ಕಾಕಾ ಇಬ್ಬರೂ ಮಗ್ಗದವರು. ಕಾಕಾ ಕುಣಿ ಮಗ್ಗದಲ್ಲಿ ಇಳಕಲ್ ಮಾದರಿಯ ಸೀರೆ ನೇಯುತ್ತಿದ್ದರು. ಕುಣಿ ಮಗ್ಗವನ್ನು ನೋಡದವರಿಗೆ ಒಂದು ಮಾತು: ಮನೆಯ ನೆಲದಲ್ಲೇ ಕುಣಿ ತೋಡಿ, ಅದರ ಅಂಚಿನ ಮೇಲೆ ಕುಳಿತು, ಕಾಲು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು, ನೆಲಮಟ್ಟಕ್ಕೆ ಹತ್ತಿರವಿರುತ್ತದೆ. ಇದರ ಅರ್ಥ ನೆರೆ ಬಂದ ದಿನ ಗೊತ್ತಾಯಿತು. ಮನೆಯೊಳಗೆ ನೀರು ಬಂದಾಗ ಮೊದಲು ತುಂಬುವುದು ಮಗ್ಗದ ಕುಣಿ, ಇಳಿಯುವಾಗ ಕಡೆಗೆ ಖಾಲಿಯಾಗುವುದೂ ಅದೇ. ನಮ್ಮ ಮನೆಯಲ್ಲಿ ಮಂಚ, ಟ್ರಂಕು, ಫ್ರಿಜ್ಜು ನೆನೆದವು. ಅವರ ಮನೆಯಲ್ಲಿ ಅನ್ನ ಹುಟ್ಟುವ ಜಾಗವೇ ಮುಳುಗಿತು.

ನಾನು ಕೆಲಸ ಮಾಡುವ ಶಾಲೆ ಎತ್ತರದಲ್ಲಿದೆ. ಅದೇ ಪರಿಹಾರ ಕೇಂದ್ರವಾಯಿತು, ಜನರ ಬಾಯಲ್ಲಿ ಗಂಜಿ ಕೇಂದ್ರ. ನಾನು ಅಲ್ಲಿ ಸಂತ್ರಸ್ತೆಯೂ ಹೌದು, ಹಾಜರಿ ಪುಸ್ತಕ ಹಿಡಿದ ಶಿಕ್ಷಕಿಯೂ ಹೌದು. ಎಂಟನೆಯ ತರಗತಿಯ ಕೋಣೆಯಲ್ಲಿ ನಾವೂ ಕಾಕು, ಕಾಕಾ, ಅವರ ಸೊಸೆಯೂ ಇನ್ನೆರಡು ಮನೆಯವರೂ ಒಟ್ಟಿಗೆ ಮಲಗಿದೆವು. ಬಿಸಿಯೂಟದ ಅಡುಗೆಯವರು ನಸುಕಿನಿಂದ ಉಪ್ಪಿಟ್ಟು ತಿರುವುತ್ತಿದ್ದರು. ನೀರು ಮುಟ್ಟದ ಊರುಗಳಿಂದ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಬಂದವು. ನೆರೆಗೆ ಕಟಕ ರೊಟ್ಟಿಯಂಥ ಅಡುಗೆ ಇನ್ನೊಂದಿಲ್ಲ: ಒಲೆ ಬೇಡ, ವಾರಗಟ್ಟಲೆ ಕೆಡುವುದಿಲ್ಲ, ನೂರು ರೊಟ್ಟಿಯನ್ನು ಒಂದು ಪಂಚೆಯಲ್ಲಿ ಕಟ್ಟಬಹುದು. ಪಂಚಮಿಯ ಉಂಡಿಗಳೂ ಡಬ್ಬಿಯಿಂದ ಡಬ್ಬಿಗೆ ಕೈ ಬದಲಾದವು. ಯಾರ ಮನೆಯ ಉಂಡಿಗೆ ಬೆಲ್ಲ ಹೆಚ್ಚು, ಯಾರದು ಕಲ್ಲಿನಂತೆ ಗಟ್ಟಿ ಎಂಬ ವಿಮರ್ಶೆ ಆ ಸಂಕಟದಲ್ಲೂ ಬಿಡದೆ ನಡೆಯಿತು.

ಬಟ್ಟೆಗಳ ವಿಷಯ ಮಾತ್ರ ಬೇರೆ. ಲಾರಿಯಲ್ಲಿ ಬಂದ ಹಳೆಯ ಬಟ್ಟೆಯ ರಾಶಿಯನ್ನು ಶಾಲೆಯ ಅಂಗಳದಲ್ಲಿ ಸುರಿದರು. ಒಳ್ಳೆಯವೂ ಇದ್ದವು, ಸುಳ್ಳು ಹೇಳಬಾರದು. ಆದರೆ ಗುಂಡಿ ಹೋದ ಅಂಗಿ, ಒಂದೇ ಕಾಲಿನ ಕಾಲುಚೀಲ, ಕಂಕುಳು ಹರಿದ ರವಿಕೆ, ಯಾರದೋ ಮದುವೆಯ ಸೂಟು. ಕಾಕು ಒಂದು ಸೀರೆ ಎತ್ತಿ ಅಂಚನ್ನು ಬೆರಳಿನಲ್ಲಿ ತಿರುಗಿಸಿ ನೋಡಿ ಮತ್ತೆ ರಾಶಿಗೇ ಇಟ್ಟರು. ಜೀವನವಿಡೀ ಸೀರೆಗಾಗಿ ದುಡಿದವರು ರಾಶಿಯಿಂದ ಸೀರೆ ಆರಿಸುವುದನ್ನು ನಿಂತು ನೋಡುವುದು ಸುಲಭವಲ್ಲ. ಕೊಡುವವರಿಗೆ ಮನೆ ಖಾಲಿಯಾದ ಹಗುರ ಇರುತ್ತದೆ, ಆ ಭಾರ ಎಲ್ಲಿಗೆ ಬಂದು ಬಿತ್ತೆಂದು ಅವರು ನೋಡುವುದಿಲ್ಲ. ಅದರ ಬಹುಪಾಲು ಮಳೆಗೆ ನೆನೆದು ಕೊಳೆತು, ಕಡೆಗೆ ಅದನ್ನು ಸಾಗಿಸುವುದೇ ನಮಗೊಂದು ಕೆಲಸವಾಯಿತು.

ಟಿ.ವಿ.ಯಲ್ಲಿ ನೆರೆ ಎಂದರೆ ಹೆಲಿಕಾಪ್ಟರು, ದೋಣಿ, ಹಗ್ಗ. ಒಳಗಿದ್ದವರಿಗೆ ಅದು ಹೆಚ್ಚಾಗಿ ಕಾಯುವ ಕೆಲಸ. ಊಟದ ಸಾಲು, ಶೌಚದ ಸಾಲು, ಮೊಬೈಲ್ ಚಾರ್ಜಿಗೆ ಸಾಲು, ನೀರು ಇಳಿಯಿತೇ ಎಂದು ಸೇತುವೆಯ ಕಡೆ ಹೋಗಿ ಬಂದವರ ಸುತ್ತ ಗುಂಪು. ಈ ಕಾಯುವಿಕೆಯಲ್ಲಿ ನಾನು ಹೆಣೆದೆ. ದಿನವೂ ಹೆಣೆಯುತ್ತೇನೆ, ಆಗಲೂ ಹೆಣೆದೆ, ಅಷ್ಟೇ. ಸಹಾಯಕ್ಕೆಂದು ಬಂದಿದ್ದ ಒಬ್ಬ ಯುವಕ ಕಿಟಕಿಯ ಬಳಿ ಕುಳಿತಿದ್ದ ನನ್ನ ಫೋಟೋ ತೆಗೆದು, ನೆರೆಯಲ್ಲೂ ಧೈರ್ಯ ಕಳೆದುಕೊಳ್ಳದ ಶಿಕ್ಷಕಿ ಎಂದು ಬರೆಯಲು ಹೊರಟ. ಅಳಿಸಪ್ಪಾ ಎಂದೆ. ನನ್ನ ಧೈರ್ಯದ ಅಳತೆ ಅವನಿಗೇನು ಗೊತ್ತು? ರಾತ್ರಿ ನೀರಿನ ಸದ್ದಿಗೆ ಅತ್ತೆಯವರ ಕೈ ಹಿಡಿದುಕೊಂಡು ಕುಳಿತಿದ್ದವಳು ನಾನು. ಕಡ್ಡಿ ಓಡಿಸಿದ ಮಾತ್ರಕ್ಕೆ ಮನಸ್ಸು ಶಾಂತವಾಗುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಮನಸ್ಸು ತನ್ನ ಪಾಡಿಗೆ ಕುದಿಯುತ್ತಲೇ ಇರುತ್ತದೆ, ಸಾಲು ತನ್ನ ಪಾಡಿಗೆ ಮುಗಿಯುತ್ತದೆ.

ಕಾಕುವಿಗೆ ಕುಳಿತುಕೊಳ್ಳಲು ಬರುವುದಿಲ್ಲ. ಮಗ್ಗದ ಮನೆಯ ಹೆಂಗಸರು ಹಾಗೆಯೇ. ಲಾಳಿಯೊಳಗೆ ಕೂರುವ ಅಡ್ಡನೂಲಿನ ಕಂಡಿಕೆ ಸುತ್ತುವುದು, ಹಾಸಿನ ನೂಲಿಗೆ ಗಂಜಿ ಕೊಡುವುದು, ಹಳೆಯ ಹಾಸು ಮುಗಿಯುತ್ತಿರುವಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಿಡಿದು ಹಳೆಯದಕ್ಕೆ ಕೂಡಿಸಿ ಕೆಚ್ಚು ಹಾಕುವುದು, ಇವೆಲ್ಲ ಅವರ ಪಾಲಿನದು. ಒಂದು ಸೀರೆಗೆ ಸಾವಿರಾರು ಎಳೆ. ಇಳಕಲ್ ಸೀರೆಯಲ್ಲಿ ಇನ್ನೂ ಒಂದು ನಾಜೂಕಿದೆ: ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ನನ್ನ ಹೆಣಿಗೆಯೂ ಕೊಂಡಿಯೊಳಗೆ ಕೊಂಡಿ ತೂರಿಸುವುದೇ ಆದ್ದರಿಂದ ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ನಾನು ಒಂದೇ ದಾರದಲ್ಲಿ ಆಡುತ್ತೇನೆ, ತಪ್ಪಿದರೆ ಬಿಚ್ಚುತ್ತೇನೆ. ಅವರು ಬಿಚ್ಚುವ ಹಾಗಿಲ್ಲ.

ಕೇಂದ್ರದಲ್ಲಿ ಕಾಕು ನನ್ನ ಕೈ ನೋಡುತ್ತಾ ಕುಳಿತು, ಕಡೆಗೆ ತಡೆಯಲಾರದೆ, “ತಂಗೀ, ಎಳೆತ ಒಂದೇ ಸಮ ಇಲ್ಲ” ಎಂದರು. ನಿಜವಾಗಿಯೂ ಇರಲಿಲ್ಲ, ಮೂರು ಸಾಲು ಬಿಗಿ, ಎರಡು ಸಡಿಲ. ಒಂದು ಜೋಡಿ ಕಡ್ಡಿ ಅವರ ಕೈಗೆ ಕೊಡಲು ಹೋದೆ. “ನನಗೆ ಬೇಡ. ಇದು ಹೊತ್ತು ಕಳೆಯುವ ಬಾಬತ್ತು, ಕೆಲಸವಲ್ಲ” ಎಂದು ಹಿಂದಕ್ಕೆ ತಳ್ಳಿದರು. ಆದರೆ ಬಿಚ್ಚಿದ ಲಡಿಯೊಂದು ಸಿಕ್ಕಾಗಿ ಬಿದ್ದಿದ್ದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಸೊಸೆಯ ಎರಡು ಮೊಣಕಾಲಿಗೆ ಅದನ್ನು ಹಾಕಿ, ತುದಿ ಹುಡುಕಿ, ನಾನು ಒಂದು ಸಾಲು ಮುಗಿಸುವುದರೊಳಗೆ ಉಂಡೆ ಮಾಡಿ ಇಟ್ಟರು. ಆಮೇಲೆ ನನ್ನ ಚೀಲದಲ್ಲಿದ್ದದ್ದನ್ನೆಲ್ಲ ಸುತ್ತಿದರು. ಸುತ್ತಲು ಏನೂ ಉಳಿಯದಾದಾಗ ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದರು.

ಅರ್ಧವಾಗಿದ್ದ ಆ ಸ್ವೆಟರನ್ನು ನಾನು ಮುಗಿಸಲಿಲ್ಲ. ಪಕ್ಕದ ಕೋಣೆಯಲ್ಲಿ ಹೆರಿಗೆಯಾಗಿ ತಿಂಗಳೂ ತುಂಬದ ಬಾಣಂತಿಯೊಬ್ಬಳಿದ್ದಳು. ಕೂಸಿಗೆ ಕುಂಚಿಗೆ ಕಟ್ಟಿದ್ದರು, ಅದು ಹತ್ತಿಯದು, ನೆನೆದು ಆರುತ್ತಿರಲಿಲ್ಲ. ಸ್ವೆಟರನ್ನು ಬಿಚ್ಚಿ ಕುಲಾವಿ ಹಾಕಿದೆ. 10 ನಂಬರಿನ ಕಡ್ಡಿ, ಅಂದರೆ 3.25 ಮಿಲಿಮೀಟರ್, ನಮ್ಮ ಅಂಗಡಿಗಳಲ್ಲಿ ಈಗಲೂ ಹಳೆಯ ಇಂಗ್ಲಿಷ್ ನಂಬರೇ ನಡೆಯುತ್ತದೆ, ನಂಬರು ಏರಿದಷ್ಟೂ ಕಡ್ಡಿ ತೆಳು. ಇದನ್ನು ನೋಡಿ ಏಳನೆಯ ತರಗತಿಯ ಇಬ್ಬರು ಹುಡುಗಿಯರು, ಅವರ ಹಿಂದೆಯೇ ಒಬ್ಬ ಹುಡುಗ, ನಮಗೂ ಕಲಿಸಿ ಟೀಚರ್ ಎಂದು ಬಂದರು. ಕಡ್ಡಿ ಎಲ್ಲಿಂದ ತರುವುದು? ಹುಡುಗ ಸೈಕಲ್ಲಿನ ಕಡ್ಡಿಗಳನ್ನು ತಂದು ಕಲ್ಲಿಗೆ ಉಜ್ಜಿ ಮೊನೆ ತೆಗೆದ. ಅಷ್ಟು ತೆಳುವಾದದ್ದರಲ್ಲಿ ಹೆಣೆಯುವುದು ನನಗೇ ಕಷ್ಟ, ಅವರು ಹೆಣೆದರು. ಹುಡುಗನ ಎಳೆತ ಒಂದೇ ಸಮವಿತ್ತು. ಕಾಕು ಅದನ್ನು ಎರಡು ಸಲ ಹೇಳಿದರು, ಎರಡನೆಯ ಸಲ ನನ್ನ ಕಡೆ ನೋಡಿಕೊಂಡು.

ನೀರು ಇಳಿದ ಮೇಲೆ ಉಳಿಯುವುದು ಕೆಸರು. ಹೊಳೆಯ ಮೆಕ್ಕಲು ಹೊಲಕ್ಕೆ ಗೊಬ್ಬರ ಎನ್ನುತ್ತಾರೆ, ಮನೆಯೊಳಗೆ ಅದು ಬೇರೆಯೇ ಪದಾರ್ಥ. ಸಲಿಕೆಯಿಂದ ಎತ್ತಿದೆವು, ಬ್ಲೀಚಿಂಗ್ ಪುಡಿ ಹಾಕಿದೆವು, ಹಾವು ಚೇಳಿಗೆ ಹೆದರಿ ಕೋಲಿನಿಂದ ಮೂಲೆ ಮೂಲೆ ತಡವಿದೆವು. ಮಂಚದ ಕೆಳಗಿನ ಟ್ರಂಕನ್ನು ಎಳೆದು ಮುಚ್ಚಳ ತೆಗೆದಾಗ ಬಂದ ವಾಸನೆಯನ್ನು ವರ್ಣಿಸುವುದಿಲ್ಲ.

ಉಲ್ಲನ್ ಎಂದು ನಾವು ಕರೆಯುವುದರಲ್ಲಿ ಹೆಚ್ಚಿನದು ಲೂಧಿಯಾನದಿಂದ ಬರುವ ಅಕ್ರಿಲಿಕ್. ಅದು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಷ್ಟೋ ನೀರಿನಲ್ಲಿ ಜಾಲಿಸಿದ ಮೇಲೆ ಕೆಸರು ಬಿಟ್ಟಿತು, ಹಗ್ಗದ ಮೇಲೆ ಹಾಕಿದರೆ ಒಣಗಿತು, ಬಣ್ಣವೂ ಹೋಗಲಿಲ್ಲ. ಇಷ್ಟು ವರ್ಷ ಪ್ಲಾಸ್ಟಿಕ್ ಎಂದು ನಾನು ಹೀಯಾಳಿಸಿದ್ದ ದಾರ ಅದು. ನಿಜವಾದ ಕುರಿಯ ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಕುಡಿದರೂ ಮುಟ್ಟಿದವರಿಗೆ ಹಸಿ ಎನಿಸುವುದಿಲ್ಲ, ಹಸಿಯಾದರೂ ಬೆಚ್ಚಗಿಡುತ್ತದೆ. ಆದರೆ ಅದಕ್ಕೆ ಸೋಡದ ಪುಡಿ ಆಗದು, ಬಿಸಿನೀರಿನಲ್ಲಿ ತಿಕ್ಕಿದರೆ ಎಳೆಗಳು ಒಂದಕ್ಕೊಂದು ಕಚ್ಚಿ ಕಂಬಳಿಗಟ್ಟುತ್ತದೆ. ಅಂಟುವಾಳದ ನೊರೆಯಲ್ಲಿ, ತಣ್ಣೀರಿನಲ್ಲಿ, ಹಿಂಡದೆ ಅದುಮಿ ತೊಳೆದು ನೆರಳಿಗೆ ಚಾಪೆಯ ಮೇಲೆ ಹರಡಬೇಕು. ನೆರೆಯ ಮೇಲೆ ನೆರಳಿನ ಒಣ ಜಾಗ ಎಲ್ಲಿತ್ತು? ಅರ್ಧ ಉಳಿಯಿತು, ಅರ್ಧಕ್ಕೆ ಬೂಷ್ಟು ಹಿಡಿಯಿತು. ಬಿದಿರಿನ ಕಡ್ಡಿಗಳು ಬಾಗಿದವು. ಅತ್ತೆಯವರ ಕಂಬಳಿಗೆ ಏನೂ ಆಗಲಿಲ್ಲ. ನಮ್ಮ ಕಡೆಯ ದಖ್ಖನಿ ಕುರಿಯ ಒರಟು ಕರಿ ಉಣ್ಣೆಯದು, ಕುರುಬರು ನೇಯ್ದು ಹುಣಸೆ ಬೀಜದ ಗಂಜಿ ಕೊಟ್ಟದ್ದು. ಮಳೆಯಲ್ಲಿ ಹೊಲಕ್ಕೆ ಹೋಗುವವರು ಕೊಪ್ಪೆ ಹಾಕಿಕೊಳ್ಳುವುದು ಅದನ್ನೇ. ಶಾಲೆಯ ಒದ್ದೆ ನೆಲದ ಮೇಲೆ ಮೂವರು ಅದರ ಮೇಲೆ ಮಲಗಿದ್ದೆವು.

ಕಾಕುವಿನ ಮನೆಯ ಲೆಕ್ಕ ಇಷ್ಟು ಸರಳವಾಗಿರಲಿಲ್ಲ. ಮಗ್ಗದ ಮೇಲಿದ್ದ ಹಾಸಿನ ನೂಲಿಗೆ ಗಂಜಿ ಕೊಟ್ಟಿತ್ತಲ್ಲ, ಆ ಗಂಜಿಯೇ ಬೂಷ್ಟಿಗೆ ಊಟವಾಯಿತು. ನೀರಿಗಿಂತ ಬೇಗ ಅದು ನೂಲನ್ನು ತಿಂದಿತು. ಸೆರಗಿನ ರೇಷ್ಮೆಗೆ ಅಂಚಿನ ಕೆಂಪು ಹತ್ತಿತು. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಹಣಿಗೆಗೆ ತುಕ್ಕು. ಅಂಚಿನ ಹೂಬಳ್ಳಿ ತೆಗೆಯುವ ಜಕಾರ್ಡಿನ ಪಟ್ಟಿಗಳು ರಟ್ಟಿನವು. ಒಂದೊಂದು ತೂತೂ ಒಂದೊಂದು ಎಳೆಗೆ ಅಪ್ಪಣೆ. ಅವು ಉಬ್ಬಿ, ಅಂಟಿಕೊಂಡು, ಬಿಡಿಸಲು ಹೋದರೆ ಹಿಟ್ಟಿನಂತೆ ಉದುರಿದವು. ಕಾಕಾ ಕುಣಿಯ ನೀರನ್ನು ಬಕೆಟ್ಟಿನಲ್ಲಿ ತೋಡಿ ಹಾಕುತ್ತಿದ್ದರು, ಅದು ಕೆಳಗಿನಿಂದ ಒಸರಿ ಮತ್ತೆ ತುಂಬುತ್ತಿತ್ತು. ನೆಲ ಕುಡಿದ ನೀರು ಅಷ್ಟು ಬೇಗ ಬಿಡುವುದಿಲ್ಲ.

ಹಾನಿಯ ಪಂಚನಾಮೆಗೆ ಸರ್ಕಾರದವರು ಬಂದರು. ತುರ್ತು ಪರಿಹಾರ ಕುಟುಂಬಕ್ಕೆ 10,000 ರೂಪಾಯಿ, ಮನೆ ಪೂರ್ತಿ ಬಿದ್ದಿದ್ದರೆ ಐದು ಲಕ್ಷ, ಉಳಿದದ್ದು ಹಾನಿಯ ದರ್ಜೆ ಹೇಳುವ ಎ, ಬಿ, ಸಿ ಎಂಬ ಮೂರು ಅಕ್ಷರಗಳ ಜಗಳ. ಬರೆದುಕೊಳ್ಳುತ್ತಿದ್ದವರು ಸಜ್ಜನರೇ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕೆಸರಿನಲ್ಲಿ ಓಣಿ ಓಣಿ ತಿರುಗಿದ್ದರು. ನನ್ನ ಉಲ್ಲನ್ನಿನ ಬಗ್ಗೆ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ, ಅದು ನ್ಯಾಯವೇ. ಸಂಬಳ ನನಗೆ ತಿಂಗಳ ಕೊನೆಗೆ ಬರುತ್ತದೆ. ಕಾಕಾನ ಹೆಸರಿನ ಮುಂದೆ ನೇಕಾರ ಎಂದು ಬರೆದರು. ಕಾಕುವಿನ ಹೆಸರಿನ ಮುಂದೆ ಗೃಹಿಣಿ ಎಂದು ಬರೆದರು. ಆಗ ಕಾಕು ಕಂಡಿಕೆ ಸುತ್ತುವ ರಾಟೆಯನ್ನು ತೊಳೆದು ಬಾಗಿಲಿನಲ್ಲಿ ಒಣಗಲು ಇಟ್ಟಿದ್ದರು, ಬರೆಯುವವರು ಅದನ್ನು ದಾಟಿಕೊಂಡೇ ಒಳಗೆ ಬಂದಿದ್ದರು.

“ಅವರದೇನು ತಪ್ಪು, ತಂಗೀ” ಎಂದರು ಕಾಕು. “ಕೂಲಿ ಯಾವತ್ತೂ ಇವರ ಹೆಸರಿಗೇ ಬಂದದ್ದು.” ಸೀರೆಗೆ ಇಷ್ಟು ಎಂದು ಸಾಹುಕಾರ ಕೊಡುವ ಕೂಲಿಯೊಳಗೇ ಕಂಡಿಕೆ, ಕೆಚ್ಚು, ಗಂಜಿ ಎಲ್ಲ ಸೇರಿರುತ್ತದೆ. ಬೇರೆ ತೆಗೆದು ಯಾರೂ ಎಣಿಸಿಲ್ಲ. ಗಣಿತದವಳಾದ ನಾನೂ ಎಣಿಸಿರಲಿಲ್ಲ. ಹವ್ಯಾಸಕ್ಕೆ ಕೂಲಿ ಇರುವುದಿಲ್ಲ ಎಂಬುದು ಸರಿ, ಆದರೆ ಕೂಲಿ ಇಲ್ಲದ್ದೆಲ್ಲ ಹವ್ಯಾಸ ಆಗುವುದಿಲ್ಲವಲ್ಲ. ಕೇಂದ್ರದಲ್ಲಿ ಅವರು ನನ್ನ ಕಡ್ಡಿಗಳನ್ನು ಹಿಂದಕ್ಕೆ ತಳ್ಳಿದ್ದು ಆಗ ನನಗೆ ಬೇರೆ ರೀತಿಯಲ್ಲಿ ತಿಳಿಯಿತು. ಪುಕ್ಕಟೆ ಕೆಲಸ ಅವರಿಗೆ ಆಗಲೇ ಬೇಕಾದಷ್ಟಿತ್ತು.

ಕಾಕುವಿನ ಮಗ ಇಚಲಕರಂಜಿಯ ಪವರ್‌ಲೂಮಿಗೆ ಹೋದ. ಕಾಕಾ ಆರು ತಿಂಗಳಾದ ಮೇಲೆ ಅದೇ ಕುಣಿಯಲ್ಲಿ ಹೊಸ ಹಾಸು ಏರಿಸಿದರು, ಸಾದಾ ಅಂಚಿನದು, ಏಕೆಂದರೆ ಜಕಾರ್ಡಿನ ಪಟ್ಟಿ ಮತ್ತೆ ಕೊರೆಸಲು ಕೈಯಲ್ಲಿ ಹಣವಿರಲಿಲ್ಲ. ಈಗ ಅದೂ ಆಗಿದೆ. ನವಿಲುತೀರ್ಥದ ಹೊರಹರಿವು ಏರಿದ ಸುದ್ದಿ ಬಂದರೆ ಮೊದಲು ಪಟ್ಟಿಗಳನ್ನು ಬಿಚ್ಚಿ ನಮ್ಮ ಮಾಳಿಗೆಗೆ ಏರಿಸುತ್ತಾರೆ, ಆಮೇಲೆ ಉಳಿದ ಮಾತು.

ಕಳೆದ ವರ್ಷ ಕಾಕು ಮೊಮ್ಮಗನಿಗೆ ಒಂದು ಸ್ವೆಟರ್ ಹಾಕಿಕೊಡಲು ಹೇಳಿದರು. ಹಾಕಿಕೊಟ್ಟೆ. ಎಷ್ಟಾಯಿತು ಎಂದರು. ನಿಮ್ಮ ಹತ್ತಿರ ಹಣವೇ ಕಾಕೂ ಎಂದೆ, ನಮ್ಮಲ್ಲಿ ಹಾಗೆ ಹೇಳುವುದೇ ವಾಡಿಕೆ. ಅವರು ಸ್ವೆಟರನ್ನು ಮಡಚಿ ನನ್ನ ಮಂಚದ ಮೇಲಿಟ್ಟು ಎದ್ದರು. ಕೂಲಿ ಹೇಳದಿದ್ದರೆ ಒಯ್ಯುವುದಿಲ್ಲವಂತೆ. ಹಾಗಾಗಿ ಈಗ ನಮ್ಮ ನಡುವೆ ಒಂದು ದರ ಇದೆ: ಉಲ್ಲನ್ನಿನ ಬೆಲೆ, ಅದರ ಮೇಲೆ ತೂಕಕ್ಕೆ ತಕ್ಕ ಕೂಲಿ. ನಾನು ಇಳಿಸುತ್ತೇನೆ, ಅವರು ಏರಿಸುತ್ತಾರೆ. ಇಂಥ ಚೌಕಾಸಿಯನ್ನು ಯಾವ ಸಂತೆಯಲ್ಲೂ ನೋಡಿಲ್ಲ ಎಂದು ನಮ್ಮವರ ಅಂಬೋಣ. ಉಂಡೆ ಸುತ್ತಿಕೊಟ್ಟದ್ದಕ್ಕೆ ನಾನು ಕೊಡಬೇಕಾದದ್ದನ್ನೂ ಅದರಲ್ಲೇ ವಜಾ ಮಾಡಬೇಕೆಂದು ಹೋದ ವಾರ ಹೇಳಿದೆ. ಅದನ್ನು ಬೇರೆ ಬರೆದಿಡು, ಬೇರೆಯೇ ಕೊಡು ಎಂದಿದ್ದಾರೆ.